ಮಾರ್ಷಲ್ ಪೆಂಗ್ ಬರೆದ ಕಾಗದ

1959ರ ಮಳೆಗಾಲದಲ್ಲಿ, ಎರಡು ತಿಂಗಳ ಒಳಗೆ, ಏಷ್ಯಾದ ಎರಡು ದೊಡ್ಡ ದೇಶಗಳ ಇಬ್ಬರು ಸೇನಾನಿಗಳು ತಮ್ಮ ಮೇಲಿನವರಿಗೆ ಒಂದೊಂದು ಕಾಗದ ಬರೆದರು. ಒಂದು ದೆಹಲಿಯಲ್ಲಿ, ಆಗಸ್ಟ್ 31ರಂದು. ಬರೆದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ಭಾರತದ ಭೂಸೇನೆಯ ಮುಖ್ಯಸ್ಥರು. ಇನ್ನೊಂದು ಅದಕ್ಕೆ ಆರೇಳು ವಾರ ಮೊದಲು, ಜುಲೈ 14ರಂದು, ಚೀನಾದ ಲೂಶಾನ್ ಎಂಬ ಗಿರಿಧಾಮದಲ್ಲಿ. ಬರೆದವರು ಮಾರ್ಷಲ್ ಪೆಂಗ್ ದೆಹುವಾಯ್, ಚೀನಾದ ರಕ್ಷಣಾ ಮಂತ್ರಿ. ತಿಮ್ಮಯ್ಯನವರ ಕಾಗದದ ಸುದ್ದಿ ಮರುದಿನವೇ ಪತ್ರಿಕೆಗೆ ಬಂತು, ಅದರ ಮರುದಿನ ಲೋಕಸಭೆಯಲ್ಲಿ ಪ್ರಧಾನಿ ಉತ್ತರ ಕೊಟ್ಟರು. ಪೆಂಗ್ ಅವರ ಕಾಗದ ಹೊರಗಿನವರ ಕಣ್ಣಿಗೆ ಬಿದ್ದದ್ದು ಎಂಟು ವರ್ಷದ ಮೇಲೆ, ಅದೂ ಅವರನ್ನು ಬೀದಿಯಲ್ಲಿ ಎಳೆದಾಡುತ್ತಿದ್ದವರು ಅಚ್ಚು ಹಾಕಿಸಿದ ಹಾಳೆಗಳಲ್ಲಿ.

ತಿಮ್ಮಯ್ಯನವರ ವಿಷಯ ಕನ್ನಡಿಗರಿಗೆ ತಕ್ಕಮಟ್ಟಿಗೆ ಗೊತ್ತು. ಪೆಂಗ್ ಅವರ ವಿಷಯ ಅಷ್ಟು ಗೊತ್ತಿಲ್ಲ. ಕಮ್ಯುನಿಸ್ಟ್ ಸರ್ಕಾರವೊಂದರಲ್ಲಿ ದಂಡನಾಯಕನೊಬ್ಬ ಎಷ್ಟು ಎತ್ತರಕ್ಕೆ ಏರಬಹುದು, ಅಲ್ಲಿಂದ ಹೇಗೆ ಬೀಳಬಹುದು ಎಂಬುದನ್ನು ಅವರ ಬದುಕಿನಷ್ಟು ಬಿಡಿಸಿ ತೋರಿಸುವ ಇನ್ನೊಂದು ಬದುಕು ನನಗೆ ಕಂಡಿಲ್ಲ. ಅವರು ಬಿದ್ದದ್ದು ಯುದ್ಧ ಸೋತು ಅಲ್ಲ, ಗದ್ದುಗೆಗೆ ಕೈ ಹಾಕಿಯೂ ಅಲ್ಲ. ರೈತನ ಹೊಲದಲ್ಲಿ ಬೆಳೆದದ್ದೆಷ್ಟು ಎಂದು ಸರ್ಕಾರ ಹೇಳುತ್ತಿದ್ದ ಲೆಕ್ಕ ಸುಳ್ಳು ಎಂದದ್ದಕ್ಕೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಾವು ಈ ಕಥೆಯನ್ನು ದೂರದ ರಾಜಕೀಯ ಎಂದು ಬದಿಗೆ ಸರಿಸುವಂತಿಲ್ಲ. ಇದರ ನಡುವೆ ಇರುವುದು ನಾವು ದಿನವೂ ಮುಟ್ಟಿ ನೋಡುವ ಸಂಗತಿಗಳೇ: ಫಲ ಕೊಡುವ ಮರ, ಗುಡ್ಡದ ಕಬ್ಬಿಣ, ಸರ್ಕಾರಕ್ಕೆ ಅಳೆದುಕೊಡಬೇಕಾದ ಲೆವಿ.

ಪೆಂಗ್ ಹುಟ್ಟಿದ್ದು 1898ರಲ್ಲಿ, ಹುನಾನ್ ಪ್ರಾಂತ್ಯದ ಶಿಯಾಂಗ್‌ತಾನ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಾವೋ ತ್ಸೆ ತುಂಗ್ ಅವರ ಊರೂ ಅದೇ ತಾಲ್ಲೂಕು. ಆದರೆ ಮಾವೋ ತಂದೆ ನಾಲ್ಕು ಕಾಸು ಕಂಡ ರೈತ, ಪೆಂಗ್ ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟ. ತಾಯಿ ಬೇಗ ತೀರಿಕೊಂಡರು, ತಂದೆ ಕಾಯಿಲೆಯ ಮನುಷ್ಯ, ಎಳೆಯ ತಮ್ಮನೊಬ್ಬ ಹಸಿವಿನಲ್ಲೇ ಹೋದ. ಎಪ್ಪತ್ತು ದಾಟಿದ ಅಜ್ಜಿ ಹೊಸ ವರ್ಷದ ದಿನ ಮೊಮ್ಮಕ್ಕಳನ್ನು ಕಟ್ಟಿಕೊಂಡು ಭಿಕ್ಷೆಗೆ ಹೊರಟಳು. ಹುಡುಗ ಒಂದು ಸಲ ಹೋಗಿ ಬಂದು, ಇನ್ನು ನಾನು ಬೇಡುವುದಿಲ್ಲ ಎಂದು ಕಾಡಿಗೆ ಹೋಗಿ ಸೌದೆ ಕಡಿದು ಮಾರಿದ. ಎಮ್ಮೆ ಮೇಯಿಸಿದ, ಕಲ್ಲಿದ್ದಲ ಗಣಿಯಲ್ಲಿ ದುಡಿದ. ಗಣಿಯ ಯಜಮಾನ ಕೂಲಿ ಬಾಕಿ ಇಟ್ಟುಕೊಂಡೇ ಓಡಿಹೋದ. 1913ರ ಬರದಲ್ಲಿ ಅಕ್ಕಿ ಬಚ್ಚಿಟ್ಟುಕೊಂಡಿದ್ದ ಸಾಹುಕಾರನ ಮನೆಗೆ ಜನ ನುಗ್ಗಿದಾಗ ಅವರ ನಡುವೆ ಹದಿನೈದರ ಈ ಹುಡುಗನೂ ಇದ್ದ. ಹಿಡಿಯಲು ಬರುತ್ತಾರೆಂದು ಊರು ಬಿಟ್ಟ, ದೊಂಗ್‌ತಿಂಗ್ ಸರೋವರದ ಏರಿ ಕೆಲಸಕ್ಕೆ ಮಣ್ಣು ಹೊತ್ತ. 1916ರಲ್ಲಿ ಸೈನ್ಯಕ್ಕೆ ಸೇರಿದ. ಹೊಟ್ಟೆಪಾಡಿಗೆ ಸೇರಿದ ಸೈನ್ಯ ಅದು, ತತ್ವಕ್ಕಲ್ಲ.

ತತ್ವ ಬಂದದ್ದು ಆಮೇಲೆ. 1928ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಅದೇ ವರ್ಷ ಜುಲೈನಲ್ಲಿ ಪಿಂಗ್‌ಜಿಯಾಂಗ್ ಎಂಬಲ್ಲಿ ತಮ್ಮ ಪಡೆಯ ಸಮೇತ ದಂಗೆ ಎದ್ದರು. ವರ್ಷದ ಕೊನೆಗೆ ಜಿಂಗಾಂಗ್ ಬೆಟ್ಟದಲ್ಲಿದ್ದ ಮಾವೋ ಮತ್ತು ದಂಡನಾಯಕ ಝು ದೆ ಅವರನ್ನು ಕೂಡಿಕೊಂಡರು. ಅಲ್ಲಿಂದ ಮುಂದಿನ ಇಪ್ಪತ್ತು ವರ್ಷ ಚೀನಾದ ಕ್ರಾಂತಿಯ ಇತಿಹಾಸವೂ ಪೆಂಗ್ ಅವರ ಇತಿಹಾಸವೂ ಒಂದೇ. ದೀರ್ಘ ನಡಿಗೆ, ಜಪಾನಿಯರ ಎದುರು ಎಂಟನೇ ಮಾರ್ಗ ಸೇನೆಯ ಉಪ ದಂಡನಾಯಕತ್ವ, 1947ರಲ್ಲಿ ಚಿಯಾಂಗ್ ಕೈ ಶೇಕ್ ಪಡೆಗಳು ಕಮ್ಯುನಿಸ್ಟರ ನೆಲೆಯಾಗಿದ್ದ ಯೆನಾನ್ ಹಿಡಿದಾಗ ಕೈಯಲ್ಲಿದ್ದ ಸಣ್ಣ ಸೈನ್ಯದಿಂದ ಅವನ್ನು ದಣಿಸಿ ಸೋಲಿಸಿದ್ದು, 1949ರಲ್ಲಿ ವಾಯವ್ಯ ಚೀನಾದ ಗೆಲುವು. 1935ರಲ್ಲಿ ಮಾವೋ ಈ ದಂಡನಾಯಕನ ಧೈರ್ಯವನ್ನು ಹೊಗಳಿ ಒಂದು ಪದ್ಯವನ್ನೇ ಬರೆದಿದ್ದರು.

ಆದರೆ ಇಬ್ಬರ ನಡುವೆ ಸದಾ ಒಂದು ಗಂಟು ಇತ್ತು. 1940ರಲ್ಲಿ ಪೆಂಗ್ ಜಪಾನಿಯರ ಮೇಲೆ ನಡೆಸಿದ ‘ನೂರು ರೆಜಿಮೆಂಟುಗಳ ದಾಳಿ’ಯನ್ನು ಪಕ್ಷ ಮೊದಲು ಮೆಚ್ಚಿತು, ಆಮೇಲೆ ತಪ್ಪೆಂದಿತು. 1945ರಲ್ಲಿ ಯೆನಾನ್‌ನಲ್ಲಿ ನಡೆದ ಸಭೆಯಲ್ಲಿ ಅವರನ್ನು ಕೂರಿಸಿಕೊಂಡು ನಲವತ್ತು ದಿನ ಟೀಕಿಸಿದರು. ಪೆಂಗ್ ಅದನ್ನು ಮರೆಯುವ ಜಾತಿಯವರಲ್ಲ. ಬಾಯಿ ಒರಟು, ಸಿಟ್ಟು ಮೂಗಿನ ತುದಿಯಲ್ಲಿ. ಎಲ್ಲರೂ ‘ಅಧ್ಯಕ್ಷರೇ’ ಎನ್ನತೊಡಗಿದ ಮೇಲೂ ಅವರು ಹಳೆಯ ರೂಢಿಯಂತೆ ಮಾವೋ ಅವರನ್ನು ಸಲಿಗೆಯಿಂದಲೇ ಮಾತಾಡಿಸುತ್ತಿದ್ದರು.

1950ರ ಅಕ್ಟೋಬರ್. ಕೊರಿಯಾದಲ್ಲಿ ಅಮೆರಿಕದ ಪಡೆಗಳು ಉತ್ತರಕ್ಕೆ ನುಗ್ಗಿ ಬರುತ್ತಿದ್ದವು. ಯುದ್ಧಕ್ಕೆ ಇಳಿಯಬೇಕು ಎಂಬುದು ಮಾವೋ ಮನಸ್ಸು, ಪಕ್ಷದ ಬಹಳ ಮಂದಿಗೆ ಅಳುಕು. ಸೇನೆಯನ್ನು ನಡೆಸಲು ಇನ್ನೊಬ್ಬ ದಂಡನಾಯಕ ಲಿನ್ ಬಿಯಾವ್ ಕಾಯಿಲೆಯ ಕಾರಣ ಹೇಳಿ ಹಿಂದೆ ಸರಿದರು. ಶಿಯಾನ್‌ನಲ್ಲಿದ್ದ ಪೆಂಗ್ ಅವರನ್ನು ವಿಮಾನ ಕಳಿಸಿ ಕರೆಸಿಕೊಂಡರು. ಒಂದು ರಾತ್ರಿ ಯೋಚಿಸಿ ಅವರು ಒಪ್ಪಿದರು. ಅಕ್ಟೋಬರ್ 19ರಂದು ಯಾಲು ನದಿ ದಾಟಿದರು. ನವೆಂಬರ್ 25ರಂದು ಅವರ ಠಾಣ್ಯದ ಮೇಲೆ ಬಿದ್ದ ಬಾಂಬಿಗೆ ಮಾವೋ ಅವರ ಹಿರಿಯ ಮಗ ಮಾವೋ ಆನ್‌ಯಿಂಗ್ ಬಲಿಯಾದ. ಮಗನನ್ನು ಕಾಪಾಡಿಕೊಳ್ಳಲಾಗದ ಸಂಕಟ ಪೆಂಗ್ ಅವರನ್ನು ಬಿಡಲೇ ಇಲ್ಲ. ಲಕ್ಷಗಟ್ಟಲೆ ಚೀನೀ ಸೈನಿಕರು ಸತ್ತ ಆ ಯುದ್ಧ 1953ರ ಜುಲೈ 27ರ ಕದನವಿರಾಮದಲ್ಲಿ ನಿಂತಿತು. ಚೀನಾದ ಪರವಾಗಿ ಸಹಿ ಹಾಕಿದವರು ಪೆಂಗ್.

ಆ ಒಪ್ಪಂದದ ಬೆನ್ನಿಗೇ ತಿಮ್ಮಯ್ಯನವರು ಕೊರಿಯಾಕ್ಕೆ ಹೋದರು. ತಮ್ಮ ದೇಶಕ್ಕೆ ಹಿಂತಿರುಗುವುದಿಲ್ಲ ಎಂದು ಹಟ ಹಿಡಿದ ಸುಮಾರು 22,000 ಯುದ್ಧಕೈದಿಗಳು ಅಲ್ಲಿದ್ದರು, ಹೆಚ್ಚಿನವರು ಚೀನಾದವರು. ಅವರ ಹಣೆಬರಹ ತೀರ್ಮಾನಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತ ಅಧ್ಯಕ್ಷ, ಭಾರತದ ಪರವಾಗಿ ತಿಮ್ಮಯ್ಯ. ಒಂದು ಕಡೆ ಸ್ವೀಡನ್, ಸ್ವಿಟ್ಜರ್ಲೆಂಡ್, ಇನ್ನೊಂದು ಕಡೆ ಪೋಲೆಂಡ್, ಚೆಕೊಸ್ಲೊವಾಕಿಯಾ. ಮತ ಎರಡು ಪಾಲಾದಾಗಲೆಲ್ಲ ಭಾರ ಇವರ ಹೆಗಲಿಗೆ. ಊರಿಗೆ ಬನ್ನಿ ಎಂದು ಚೀನೀ ಅಧಿಕಾರಿಗಳು ಕೈದಿಗಳಿಗೆ ಬುದ್ಧಿ ಹೇಳುತ್ತಿದ್ದ ಗುಡಾರಗಳಲ್ಲಿ ಬೈಗುಳ, ಹೊಡೆದಾಟ. ಕೊನೆಗೂ ಬಹುಪಾಲು ಕೈದಿಗಳು ಹಿಂತಿರುಗಲಿಲ್ಲ. 1954ರ ಜನವರಿಯಲ್ಲಿ ತಿಮ್ಮಯ್ಯನವರು ಆ ಕೈದಿಗಳನ್ನು ಮೊದಲು ಹಿಡಿದಿಟ್ಟಿದ್ದವರ ವಶಕ್ಕೇ ಮರಳಿ ಒಪ್ಪಿಸಿದರು. ಪೆಂಗ್ ಸೈನ್ಯದ ಸಾವಿರಾರು ಸಿಪಾಯಿಗಳ ಮುಖವನ್ನು ಹತ್ತಿರದಿಂದ ಕಂಡ ಕೊಡಗಿನ ಸೇನಾನಿ ಇವರು.

ಕೊರಿಯಾದಿಂದ ಬಂದ ಪೆಂಗ್ 1954ರ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಮಂತ್ರಿಯಾದರು, ಉಪ ಪ್ರಧಾನಿಯಾದರು. 1955ರಲ್ಲಿ ಚೀನಾ ಹತ್ತು ಮಂದಿಗೆ ಮಾರ್ಷಲ್ ಪದವಿ ಕೊಟ್ಟಾಗ ಝು ದೆ ಅವರ ನಂತರದ ಹೆಸರು ಅವರದೇ. ಗೆರಿಲ್ಲಾ ಪಡೆಯನ್ನು ಅವರು ಆಧುನಿಕ ಸೈನ್ಯ ಮಾಡಲು ಹೊರಟರು: ದರ್ಜೆ, ಸಂಬಳ, ಕಡ್ಡಾಯ ಸೇವೆ, ರಷ್ಯನ್ ಮಾದರಿಯ ತರಬೇತಿ. ನಾಯಕಪೂಜೆ ಅವರಿಗೆ ಆಗದು. 1956ರ ಪಕ್ಷದ ಮಹಾಧಿವೇಶನದಲ್ಲಿ ಪಕ್ಷದ ಸಂವಿಧಾನದಿಂದ ‘ಮಾವೋ ಚಿಂತನೆ’ಯ ಉಲ್ಲೇಖ ತೆಗೆದುಹಾಕಿದ್ದರ ಹಿಂದೆ ಅವರ ಒತ್ತಾಯವೂ ಇತ್ತು. ಮಾವೋ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಇಲ್ಲಿ ಕಮ್ಯುನಿಸ್ಟ್ ದೇಶದ ಮಂತ್ರಿ-ಸೇನಾನಿಯ ಬಲದ ಬಗ್ಗೆ ಒಂದು ಮಾತು ಹೇಳಬೇಕು. ಅವನ ಭುಜದ ಮೇಲೆ ನಕ್ಷತ್ರ ಎಷ್ಟೇ ಇರಲಿ, ಅವನು ಮೊದಲು ಪಕ್ಷದ ಸದಸ್ಯ. ಪಕ್ಷ ಬಂದೂಕನ್ನು ಆಳಬೇಕು, ಬಂದೂಕು ಪಕ್ಷವನ್ನು ಆಳಬಾರದು ಎಂಬುದು ಮಾವೋ ಹಾಕಿದ ಕಟ್ಟಳೆ. ರಷ್ಯಾದಲ್ಲೂ ಅದೇ. 1957ರ ಜನವರಿಯಲ್ಲಿ ದೆಹಲಿಯ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದವರು ಬರ್ಲಿನ್ ಗೆದ್ದ ಮಾರ್ಷಲ್ ಝುಕೋವ್, ಆಗ ಸೋವಿಯತ್ ರಕ್ಷಣಾ ಮಂತ್ರಿ. ಆ ಜೂನ್‌ನಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಅವರನ್ನು ಇಳಿಸಲು ನಡೆದ ಯತ್ನವನ್ನು ಮುರಿದವರಲ್ಲಿ ಅವರೇ ಮುಖ್ಯರು; ಕೇಂದ್ರ ಸಮಿತಿಯ ಸದಸ್ಯರನ್ನು ಸೇನೆಯ ವಿಮಾನಗಳಲ್ಲಿ ಮಾಸ್ಕೋಗೆ ಕರೆಸಿದರು. ನಾಲ್ಕೇ ತಿಂಗಳಲ್ಲಿ, ಯುಗೊಸ್ಲಾವಿಯಾ, ಅಲ್ಬೇನಿಯಾ ಪ್ರವಾಸ ಮುಗಿಸಿ ಬಂದ ಝುಕೋವ್ ಅವರನ್ನು ಅದೇ ಕ್ರುಶ್ಚೇವ್ ಮನೆಗೆ ಕಳಿಸಿದರು. ಒಂದು ಗುಂಡೂ ಹಾರಲಿಲ್ಲ. ಮರುವರ್ಷದ ಗಣರಾಜ್ಯೋತ್ಸವಕ್ಕೆ ಚೀನಾದ ಮಾರ್ಷಲ್ ಯೆ ಜಿಯಾನ್‌ಯಿಂಗ್ ಬಂದರು. ಆಗ ನಮ್ಮ ಸೇನಾ ಮುಖ್ಯಸ್ಥರು ತಿಮ್ಮಯ್ಯ. ಯೆ ನಿಧಾನದ ಮನುಷ್ಯ, ಮಾತಿಗೆ ಹೊತ್ತು ಗೊತ್ತು ನೋಡುವವರು. ಮಾವೋ ಸತ್ತ ತಿಂಗಳೊಳಗೆ, 1976ರ ಅಕ್ಟೋಬರ್‌ನಲ್ಲಿ, ಮಾವೋ ಹೆಂಡತಿಯೂ ಸೇರಿದಂತೆ ‘ನಾಲ್ವರ ಕೂಟ’ವನ್ನು ಬಂಧಿಸಲು ಮುಂದೆ ನಿಂತವರು ಅವರೇ. ಪೆಂಗ್ ಅವರಿಗೆ ಹೊತ್ತು ನೋಡುವ ಗುಣ ಇರಲಿಲ್ಲ.

ಅವರನ್ನು ಬರೀ ಸಂತನೆಂದು ಚಿತ್ರಿಸಿದರೆ ಸತ್ಯಕ್ಕೆ ಅಪಚಾರ. 1958ರಲ್ಲಿ ಸೈನ್ಯದೊಳಗೆ ‘ಪುಸ್ತಕಪಾಂಡಿತ್ಯ’ದ ವಿರುದ್ಧ ಚಳವಳಿ ನಡೆದಾಗ ಹಿರಿಯ ಮಾರ್ಷಲ್ ಲಿಯು ಬೊಚೆಂಗ್ ಅವರನ್ನು ಕಾಯಿಲೆಯಲ್ಲೂ ವೇದಿಕೆಗೆ ಕರೆಸಿ ತಪ್ಪೊಪ್ಪಿಗೆ ಹೇಳಿಸಲಾಯಿತು, ದಂಡಿನ ಮುಖ್ಯಾಧಿಕಾರಿ ಸು ಯು ಅವರ ಹುದ್ದೆ ಹೋಯಿತು. ಆ ಸಭೆಗಳ ಹಿಂದೆ ಪೆಂಗ್ ಅವರ ಕೈಯೂ ಇತ್ತು. 1959ರ ಮಾರ್ಚ್‌ನಲ್ಲಿ ಲಾಸಾದ ದಂಗೆಯನ್ನು ತುಳಿದ ಸೈನ್ಯಕ್ಕೂ ಅವರೇ ಮಂತ್ರಿ. ಆಗ ಓಡಿಬಂದ ಟಿಬೆಟನ್ನರಿಗೆ ನಮ್ಮ ಬೈಲಕುಪ್ಪೆಯಲ್ಲಿ ನೆಲೆ ಸಿಕ್ಕಿದ್ದನ್ನು ಕನ್ನಡಿಗರು ಮರೆಯಬಾರದು. ಇಷ್ಟೆಲ್ಲ ಇದ್ದೂ ಆ ಸರ್ಕಾರದಲ್ಲಿ ಹೊಲದ ಸತ್ಯವನ್ನು ಅಧ್ಯಕ್ಷರ ಮುಂದೆ ಇಟ್ಟ ಮಂತ್ರಿ ಅವರು. ನನಗೆ ಅವರ ಮೇಲೆ ಗೌರವ ಹುಟ್ಟುವುದು ಅಲ್ಲಿ.

1958ರಲ್ಲಿ ಮಾವೋ ‘ಮುನ್ನೆಗೆತ’ಕ್ಕೆ ಕರೆ ಕೊಟ್ಟರು. ಊರೂರು ಸೇರಿಸಿ ಕಮ್ಯೂನ್ ಮಾಡಿದರು, ಮನೆಮನೆಯ ಒಲೆ ಆರಿಸಿ ಊರೊಟ್ಟಿನ ಅಡಿಗೆ ಮನೆ ತೆರೆದರು. 1957ರಲ್ಲಿ ಸುಮಾರು 53 ಲಕ್ಷ ಟನ್ ಇದ್ದ ಉಕ್ಕನ್ನು ಒಂದೇ ವರ್ಷದಲ್ಲಿ ಇಮ್ಮಡಿ ಮಾಡಬೇಕು, 1.07 ಕೋಟಿ ಟನ್. ಕಾರ್ಖಾನೆಯಿಂದ ಅಷ್ಟು ಬಾರದು. ಆದ್ದರಿಂದ ಹಿತ್ತಿಲಲ್ಲಿ, ಗದ್ದೆಯ ಬದುವಿನಲ್ಲಿ, ಶಾಲೆಯ ಅಂಗಳದಲ್ಲಿ ಮಣ್ಣಿನ ಕುಲುಮೆ ಎದ್ದವು. ಕೋಟಿಗಟ್ಟಲೆ ರೈತರು ಕೊಯ್ಲು ಬಿಟ್ಟು ಕಬ್ಬಿಣ ಕಾಯಿಸಲು ನಿಂತರು.

ಚಿಕ್ಕನಾಯಕನಹಳ್ಳಿಯ ಕಡೆಯವರಿಗೆ ಇದರ ಹುಚ್ಚುತನ ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಇದೆ, ಮ್ಯಾಂಗನೀಸ್ ಇದೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಭಾಗದಲ್ಲಿ ಅದಿರು ತೆಗೆದು ಕರಗಿಸುವ ಕೆಲಸವನ್ನು ನೋಡಿ ಬರೆದಿಟ್ಟಿದ್ದಾನೆ. ಆ ಕೆಲಸ ಬಲ್ಲವರಿಗೆ ಯಾವ ಅದಿರು, ಯಾವ ಮರದ ಇದ್ದಿಲು, ತಿದಿ ಎಷ್ಟು ಹೊತ್ತು ಒತ್ತಬೇಕು ಎಂಬುದು ತಲೆಮಾರಿನಿಂದ ಬಂದ ಅರಿವು. ಚೀನಾದ ಹಳ್ಳಿಗಳಲ್ಲಿ ಆ ಕಸುಬು ಅರಿಯದವರಿಗೆ ಆಜ್ಞೆ ಬಂತು. ಅದಿರು ಇಲ್ಲದ ಕಡೆ ಅಡಿಗೆಯ ಬಾಣಲೆ, ಬಾಗಿಲ ಚಿಲಕ, ಗುದ್ದಲಿ ಎಲ್ಲ ಕುಲುಮೆಗೆ ಬಿದ್ದವು. ಹೊರಬಂದದ್ದು ಬಹುಪಾಲು ಕೆಲಸಕ್ಕೆ ಬಾರದ ಗಟ್ಟಿ. ಇದ್ದಿಲಿಗಾಗಿ ಕಾಡು ಹೋಯಿತು, ಕಾಡು ಮುಗಿದ ಮೇಲೆ ಹಣ್ಣಿನ ಮರಗಳು ಹೋದವು.

ಹಣ್ಣಿನ ಮರ ಕಡಿದರು ಎಂಬ ಮಾತನ್ನು ತೆಂಗಿನ ಸೀಮೆಯಲ್ಲಿ ಓದುವುದೇ ಬೇರೆ. ನಮ್ಮಲ್ಲಿ ಸಸಿ ಇಟ್ಟವರು ಮೊದಲ ಹೊಂಬಾಳೆ ಕಾಣಲು ಆರೇಳು ವರ್ಷ ಕಾಯುತ್ತಾರೆ. ಕಾಯಿ ಕಿತ್ತ ಮೇಲೂ ಅದು ಕೊಬ್ಬರಿಯಾಗಲು ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಇರಬೇಕು. ಅಜ್ಜ ಇಟ್ಟ ಮರದ ಕಾಯಿ ಮೊಮ್ಮಗ ಕೀಳುವ ತೋಟಗಳು ಇವು. ಒಂದು ವರ್ಷದ ಉಕ್ಕಿನ ಲೆಕ್ಕಕ್ಕೆ ಮೂರು ತಲೆಮಾರಿನ ಮರ ಉರುಳಿಸಿದ ದೇಶದಲ್ಲಿ ರೈತನ ಎದೆ ಏನಾಗಿರಬೇಕು ಎಂಬುದು ಇಲ್ಲಿ ಯಾರಿಗೂ ತಿಳಿಯುತ್ತದೆ.

ಪೆಂಗ್ 1958ರ ಶರತ್ಕಾಲದಲ್ಲಿ ಗಾನ್ಸು ಪ್ರಾಂತ್ಯಕ್ಕೆ ಹೋದರು. ಬೆಳೆದ ಪೈರು ಹೊಲದಲ್ಲೇ ಉದುರುತ್ತಿತ್ತು, ಕೊಯ್ಯಲು ಗಂಡಾಳಿಲ್ಲ. ಡಿಸೆಂಬರ್‌ನಲ್ಲಿ ಸ್ವಂತ ಊರಿಗೆ ಹೋದರು. ಕಮ್ಯೂನಿನ ಅಧಿಕಾರಿಗಳು ಹೇಳುವ ಇಳುವರಿಗೂ ಕಣದಲ್ಲಿ ಕಂಡ ಕಾಳಿಗೂ ತಾಳೆ ಇಲ್ಲ. ಅಟ್ಟದ ಮೇಲಿನ ಕಾಯಿ ಎಣಿಸಿ ಕೊಬ್ಬರಿ ಲೆಕ್ಕ ಕೊಡುವವರ ನಡುವೆ ಕಾಯಿ ಕೈಗೆತ್ತಿಕೊಂಡು ಅಲುಗಿಸಿ ನೋಡುವ ಒಬ್ಬ ರೈತನಂತೆ ಅವರು ಊರೂರು ನಡೆದರು. ಅದಕ್ಕೆ ಸ್ವಲ್ಪ ಮೊದಲು ವುಚಾಂಗ್‌ನಲ್ಲಿ ನಡೆದ ಪಕ್ಷದ ಸಭೆಯಲ್ಲಿ 1958ರ ಧಾನ್ಯದ ಅಂಕಿ ಎಷ್ಟೆಂದು ಚರ್ಚೆಯಾದಾಗ, ಅಷ್ಟು ಬೆಳೆದಿರಲಾರದು ಎಂದಿದ್ದರು. ಕೊನೆಗೆ ಮಾವೋ ಪ್ರಕಟಿಸಲು ಹೇಳಿದ್ದು 37.5 ಕೋಟಿ ಟನ್. ನಿಜವಾಗಿ ಬೆಳೆದದ್ದು ಸುಮಾರು 20 ಕೋಟಿ ಟನ್.

ಸುಳ್ಳು ಅಂಕಿ ಕಾಗದದಲ್ಲೇ ಉಳಿದಿದ್ದರೆ ಹಾನಿ ಅಷ್ಟಿರಲಿಲ್ಲ. ಆದರೆ ಲೆವಿ ವಸೂಲಿ ಅದೇ ಅಂಕಿಯ ಮೇಲೆ ನಡೆಯಿತು. ಇಲ್ಲದ ಬೆಳೆಯ ಪಾಲು ಕೇಳಿದರೆ ರೈತ ಕೊಡುವುದು ಎಲ್ಲಿಂದ? ಹೊಟ್ಟೆಗಿಟ್ಟದ್ದರಿಂದ, ಆಮೇಲೆ ಬಿತ್ತನೆಗಿಟ್ಟದ್ದರಿಂದ. ಪೆಂಗ್‌ಗೆ ಇದು ಒಂದೇ ನೋಟಕ್ಕೆ ಹೊಳೆಯಿತು, ಏಕೆಂದರೆ ಹಸಿವೆಂದರೇನು ಎಂದು ಅವರ ಮೈ ಬಲ್ಲದು. ವಸೂಲಿಯನ್ನು 6 ಕೋಟಿ ಟನ್ನಿನಿಂದ 4.5 ಕೋಟಿ ಟನ್ನಿಗೆ ಇಳಿಸಿ ಎಂದು ತಮ್ಮ ಹೆಸರಿನಲ್ಲೇ ಕೇಂದ್ರಕ್ಕೆ ತಂತಿ ಕೊಟ್ಟರು. ರಕ್ಷಣಾ ಮಂತ್ರಿಗೆ ಧಾನ್ಯದ ಲೆಕ್ಕ ಏಕೆ ಎಂದು ಕೇಳುವವರು ಇರಬಹುದು. ಸೈನಿಕರಿಗೆ ಊರಿನಿಂದ ಕಾಗದಗಳು ಬರುತ್ತಿದ್ದವು. ಮನೆಯಲ್ಲಿ ಅನ್ನವಿಲ್ಲ ಎಂಬ ಕಾಗದಗಳು. ಸೈನ್ಯವೆಲ್ಲ ರೈತರ ಮಕ್ಕಳು.

1959ರ ಬೇಸಿಗೆಯಲ್ಲಿ ಪೆಂಗ್ ಪೂರ್ವ ಯುರೋಪಿಗೆ ಹೋದರು. ಅಲ್ಬೇನಿಯಾದಲ್ಲಿ ಕ್ರುಶ್ಚೇವ್ ಭೇಟಿಯಾಯಿತು. ಝುಕೋವ್ ಬಿದ್ದದ್ದೂ ಅಲ್ಬೇನಿಯಾದಿಂದ ಬಂದ ಮೇಲೆ, ಪೆಂಗ್ ಬಿದ್ದದ್ದೂ ಹಾಗೆಯೇ. ಇದು ಕಾಕತಾಳೀಯ, ಆದರೆ ಪೆಂಗ್ ವಿಷಯದಲ್ಲಿ ಆ ಭೇಟಿಯನ್ನೇ ವಿದೇಶಿ ಸಂಚಿನ ಸಾಕ್ಷಿ ಮಾಡಿದರು.

ಲೂಶಾನ್‌ನಲ್ಲಿ ಸಭೆ ಶುರುವಾದದ್ದು ಜುಲೈ 2ರಂದು. ಬೆಟ್ಟದ ತಂಪು, ಸಂಜೆ ನಾಟಕ, ನೃತ್ಯ. ಮುನ್ನೆಗೆತದ ಓರೆಕೋರೆ ತಿದ್ದುವುದಷ್ಟೇ ಉದ್ದೇಶ ಎಂದು ಎಲ್ಲರೂ ನಂಬಿದ್ದರು. ವಾಯವ್ಯ ಪ್ರಾಂತ್ಯಗಳ ಗುಂಪಿನಲ್ಲಿ ಪೆಂಗ್ ದಿನವೂ ಮಾತಾಡಿದರು: ತಪ್ಪಿಗೆ ಎಲ್ಲರೂ ಹೊಣೆ, ಅಧ್ಯಕ್ಷ ಮಾವೋ ಕೂಡ. ಸಭೆ ಮುಗಿಯುವ ಹೊತ್ತು ಬಂದರೂ ಮೂಲ ವಿಷಯ ಯಾರೂ ಎತ್ತುತ್ತಿಲ್ಲ ಅನಿಸಿ 13ರ ಬೆಳಿಗ್ಗೆ ಮಾವೋ ಅವರನ್ನೇ ಕಂಡು ಮಾತಾಡಲು ಹೋದರು. ಈಗಷ್ಟೇ ಮಲಗಿದ್ದಾರೆ ಎಂದ ಕಾವಲುಗಾರ. ಪೆಂಗ್ ಹಿಂತಿರುಗಿ ಕಾಗದ ಬರೆಯಲು ಕೂತರು. ಮಾವೋ ಎಚ್ಚರವಿದ್ದಿದ್ದರೆ ಇಬ್ಬರು ಹಳಬರು ಕಿತ್ತಾಡಿ ಮುಗಿಸುತ್ತಿದ್ದರೋ ಏನೋ. ಬಾಯಿಮಾತು ಗಾಳಿಗೆ ಹೋಗುತ್ತದೆ, ಕಾಗದ ಕೈಯಲ್ಲಿ ಉಳಿಯುತ್ತದೆ.

ಕಾಗದ ಒರಟಲ್ಲ. 1958ರ ಸಾಧನೆಗಳ ಹೊಗಳಿಕೆಯಿಂದಲೇ ಶುರು. ಆಮೇಲೆ ಹಿತ್ತಿಲ ಕುಲುಮೆಗಳ ನಷ್ಟ, ಉತ್ಪ್ರೇಕ್ಷೆಯ ಗಾಳಿ ಬೀಸಿ ಅಂಕಿಗಳ ಮೇಲೆ ಯಾರಿಗೂ ನಂಬಿಕೆ ಉಳಿಯದ ಸ್ಥಿತಿ, ಒಂದೇ ನೆಗೆತಕ್ಕೆ ಕಮ್ಯುನಿಸಂ ತಲುಪುತ್ತೇವೆಂಬ ಸಣ್ಣ ಬೂರ್ಜ್ವಾ ಆವೇಶ. ಈ ಕೊನೆಯ ಮಾತು ಮಾವೋ ಅವರಿಗೆ ಚುಚ್ಚಿತು. ಖಾಸಗಿ ಕಾಗದವನ್ನು 16ರಂದು ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿಸಿದರು. ಮೊದಮೊದಲು ಕೆಲವರು ಪೆಂಗ್ ಹೇಳಿದ್ದು ಸರಿ ಎಂದರು: ಸೇನೆಯ ಮುಖ್ಯಾಧಿಕಾರಿ ಹುವಾಂಗ್ ಕೆಚೆಂಗ್, ಹುನಾನ್‌ನ ಪಕ್ಷದ ಕಾರ್ಯದರ್ಶಿ ಝೌ ಶಿಯಾವ್‌ಝೌ, ವಿದೇಶಾಂಗ ಖಾತೆಯ ಝಾಂಗ್ ವೆಂತಿಯಾನ್. 23ರಂದು ಮಾವೋ ಎದ್ದು ನಿಂತರು. ಸೈನ್ಯ ಪೆಂಗ್ ಹಿಂದೆ ಹೋಗುವುದಾದರೆ ಹೋಗಲಿ, ನಾನು ಹಳ್ಳಿಗೆ ಹೋಗಿ ಹೊಸ ಗೆರಿಲ್ಲಾ ಪಡೆ ಕಟ್ಟುತ್ತೇನೆ ಎಂದರು. ಅಲ್ಲಿಗೆ ವಿಷಯ ಧಾನ್ಯದ್ದಲ್ಲ, ಮಾವೋ ಬೇಕೋ ಪೆಂಗ್ ಬೇಕೋ ಎಂಬುದಾಯಿತು. ಮಾವೋ ಬೇಡ ಎನ್ನುವ ಧೈರ್ಯ ಆ ಬೆಟ್ಟದ ಮೇಲೆ ಯಾರಿಗೂ ಇರಲಿಲ್ಲ. ಪೆಂಗ್ ಒಂದು ಹಂತದಲ್ಲಿ ತಡೆಯಲಾರದೆ, ಯೆನಾನ್‌ನಲ್ಲಿ ನೀವು ನನ್ನನ್ನು ನಲವತ್ತು ದಿನ ಬೈದಿರಿ, ನಾನು ಇಪ್ಪತ್ತು ದಿನ ಬೈಯಬಾರದೇ ಎಂದು ಕೂಗಿದರಂತೆ, ಅದೂ ಹಳ್ಳಿಯ ಬೈಗುಳ ಸೇರಿಸಿ. ಆಗಸ್ಟ್ 16ಕ್ಕೆ ಕೇಂದ್ರ ಸಮಿತಿ ಅವರನ್ನು ‘ಪಕ್ಷವಿರೋಧಿ ಕೂಟ’ದ ಮುಖಂಡ ಎಂದು ಘೋಷಿಸಿತು. ಸೆಪ್ಟೆಂಬರ್ 17ರಂದು ಲಿನ್ ಬಿಯಾವ್ ರಕ್ಷಣಾ ಮಂತ್ರಿಯಾದರು. ಕೊರಿಯಾಕ್ಕೆ ಹೋಗಲಾರೆ ಎಂದಿದ್ದ ಅದೇ ಲಿನ್ ಬಿಯಾವ್.

ಲೂಶಾನ್ ಸಭೆ ನಡೆಯುತ್ತಿದ್ದಾಗಲೇ, ಜುಲೈ 31ರಂದು, ನಮ್ಮ ಪಕ್ಕದ ಕೇರಳದಲ್ಲಿ ಇ.ಎಂ.ಎಸ್. ಅವರ ಕಮ್ಯುನಿಸ್ಟ್ ಸರ್ಕಾರವನ್ನು ದೆಹಲಿ ವಜಾ ಮಾಡಿತು. ಆಗಸ್ಟ್ 25ರಂದು ಈಶಾನ್ಯ ಗಡಿಯ ಲೊಂಗ್ಜುವಿನಲ್ಲಿ ಚೀನೀ ಸೈನಿಕರು ಭಾರತದ ಕಾವಲು ಠಾಣೆಯ ಮೇಲೆ ಬಿದ್ದರು. ವಾರ ತುಂಬುವ ಮೊದಲೇ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಸೇನೆಯೊಳಗಿನ ಬಡ್ತಿಗಳಲ್ಲಿ ಕೈಯಾಡಿಸುತ್ತಾರೆ, ಮುಖ್ಯಸ್ಥನ ಮಾತಿಗೆ ಬೆಲೆ ಕೊಡುವುದಿಲ್ಲ ಎಂಬುದು ಅವರ ಕೊರಗು. ನೆಹರು ಕರೆಸಿ ಮಾತಾಡಿ ಹಿಂತೆಗೆದುಕೊಳ್ಳುವಂತೆ ಮಾಡಿದರು, ಆಮೇಲೆ ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ನಾಗರಿಕ ಅಧಿಕಾರವೇ ಮೇಲು ಎಂದು ಹೇಳುತ್ತ ಸೇನಾನಿಯ ಮೇಲೆಯೇ ತಪ್ಪು ಹೊರಿಸಿದಂತೆ ಮಾತಾಡಿದರು. ತಿಮ್ಮಯ್ಯನವರಿಗೆ ನೋವಾಯಿತು, ಅವರ ಮಾತು ನಡೆಯಲಿಲ್ಲ. ಮೂರು ವರ್ಷದ ಮೇಲೆ ಚೀನಾದೊಡನೆ ನಡೆದ ಯುದ್ಧದಲ್ಲಿ, ಹಿಮಾಲಯದಲ್ಲಿ, ಅದರ ಬೆಲೆ ತೆತ್ತವರು ಸಾಮಾನ್ಯ ಸಿಪಾಯಿಗಳು. ಆದರೂ ತಿಮ್ಮಯ್ಯನವರು 1961ರ ಮೇವರೆಗೆ ಅದೇ ಕುರ್ಚಿಯಲ್ಲಿದ್ದರು, ನಿವೃತ್ತರಾಗಿ ಕೊಡಗಿಗೆ ಬಂದರು, 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಪಡೆಗೆ ದಂಡನಾಯಕರಾಗಿ ಹೋದರು, 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಮಡಿಕೇರಿಯ ಅವರ ಮನೆ ಇಂದು ವಸ್ತುಸಂಗ್ರಹಾಲಯ.

ನೆಹರು ತಮ್ಮ ಸೇನಾನಿಗೆ ನ್ಯಾಯ ಮಾಡಲಿಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಆ ಅನ್ಯಾಯ ಪತ್ರಿಕೆಯಲ್ಲಿ ಬಂತು, ವಿರೋಧ ಪಕ್ಷದವರು ಎದ್ದು ಕೇಳಿದರು, ಸಂತೆಯಲ್ಲಿ ನಿಂತ ಮನುಷ್ಯನೂ ಅದರ ಬಗ್ಗೆ ತನ್ನ ಅಭಿಪ್ರಾಯ ಹೇಳಬಹುದಿತ್ತು. ಚೀನಾದಲ್ಲಿ ಪೆಂಗ್ ಬಿದ್ದ ಮೇಲೆ ‘ಬಲಪಂಥೀಯ ಅವಕಾಶವಾದಿ’ಗಳ ಬೇಟೆ ಶುರುವಾಯಿತು. ಪೆಂಗ್ ಹೇಳಿದಂತೆ ಹೇಳಬಹುದಾಗಿದ್ದ ಪ್ರತಿಯೊಬ್ಬ ತಾಲ್ಲೂಕು ಅಧಿಕಾರಿಯ ಬಾಯಿಗೂ ಬೀಗ ಬಿತ್ತು. ಲೂಶಾನ್‌ನಲ್ಲಿ ನಿಲ್ಲಿಸಬಹುದಾಗಿದ್ದ ಮುನ್ನೆಗೆತ ಎರಡರಷ್ಟು ವೇಗದಲ್ಲಿ ಮುಂದುವರಿಯಿತು. 1961ರ ಹೊತ್ತಿಗೆ ಹಸಿವಿನಿಂದ ಸತ್ತವರನ್ನು ವಿದ್ವಾಂಸರು 1.5 ಕೋಟಿಯಿಂದ 4.5 ಕೋಟಿಯವರೆಗೆ ಅಂದಾಜು ಮಾಡುತ್ತಾರೆ. ಅವರಲ್ಲಿ ಎಷ್ಟೋ ಜನ ಸತ್ತದ್ದು ಪೆಂಗ್ ಕಾಗದ ಬರೆದ ನಂತರ. ಇದನ್ನು ಬರೆಯುವಾಗ ನನಗೆ ಕೈ ಮುಂದೆ ಹೋಗುವುದಿಲ್ಲ.

ಪೆಂಗ್ ತಮ್ಮ ಮಾರ್ಷಲ್ ಉಡುಪು, ಪದಕಗಳನ್ನು ಒಪ್ಪಿಸಿ ಪೀಕಿಂಗಿನ ಹೊರವಲಯದ ಒಂದು ಹಳೆಯ ಮನೆಗೆ ಹೋದರು. ಕೊಳ ತೋಡಿದರು, ತರಕಾರಿ ಹಾಕಿದರು. ಒಂದು ಸಣ್ಣ ಪಟ್ಟೆಯಲ್ಲಿ ಗೋಧಿ ಬಿತ್ತಿ, ಗೊಬ್ಬರ ಹಾಕಿ, ತೆನೆ ಬಂದಾಗ ಗುಬ್ಬಿ ಓಡಿಸಿ, ಕಾಳು ಬಿಡಿಸಿ ತೂಗಿ ನೋಡಿದರು. ಪತ್ರಿಕೆಗಳು ಹೇಳುತ್ತಿದ್ದ ಇಳುವರಿ ಭೂಮಿಯಿಂದ ಬರಲು ಸಾಧ್ಯವೇ ಎಂದು ತಾವೇ ಬೆಳೆದು ಪರೀಕ್ಷಿಸಿದ ಆ ಮಾಜಿ ಮಂತ್ರಿಯನ್ನು ನಮ್ಮ ರೈತರು ತಮ್ಮವನೆಂದೇ ಗುರುತಿಸುತ್ತಾರೆ.

1962ರ ಜನವರಿಯಲ್ಲಿ ಚೀನಾದ ರಾಷ್ಟ್ರಾಧ್ಯಕ್ಷ ಲಿಯು ಶಾವೋಚಿ ಏಳು ಸಾವಿರ ಕಾರ್ಯಕರ್ತರ ಸಭೆಯಲ್ಲಿ, ಈ ವಿಪತ್ತಿನಲ್ಲಿ ಹತ್ತರಲ್ಲಿ ಮೂರು ಪಾಲು ಪ್ರಕೃತಿಯದು, ಏಳು ಪಾಲು ಮನುಷ್ಯರದು ಎಂದರು. ಪೆಂಗ್ ಹೇಳಿದ್ದು ಅದನ್ನೇ. ಆದರೂ ಬೇರೆಯವರ ಶಿಕ್ಷೆ ರದ್ದಾಗಬಹುದು, ಪೆಂಗ್ ಅವರದು ಆಗದು ಎಂದು ಸೇರಿಸಿದರು. ಅದಕ್ಕೆ ಉತ್ತರವಾಗಿ ಆ ಜೂನ್‌ನಲ್ಲಿ ಪೆಂಗ್ ಎಂಬತ್ತು ಸಾವಿರ ಅಕ್ಷರಗಳ ಮನವಿ ಬರೆದು, ತಾನು ಯಾವ ಕೂಟವನ್ನೂ ಕಟ್ಟಿಲ್ಲ, ಯಾವ ಪರದೇಶದೊಡನೆಯೂ ಸೇರಿಲ್ಲ ಎಂದು ತನಿಖೆ ಕೇಳಿದರು. ತಳ್ಳಿಹಾಕಿದರು. ಏಳು ವರ್ಷದ ಮೇಲೆ ಲಿಯು ಶಾವೋಚಿ ತಾವೇ ಸೆರೆಯಲ್ಲಿ ಔಷಧವಿಲ್ಲದೆ ಸತ್ತರು.

1965ರ ಸೆಪ್ಟೆಂಬರ್‌ನಲ್ಲಿ ಮಾವೋ ಪೆಂಗ್ ಅವರನ್ನು ಕರೆಸಿ ಊಟ ಹಾಕಿ, ಸತ್ಯ ನಿಮ್ಮ ಕಡೆಯೇ ಇರಬಹುದು ಎಂದು ಹೇಳಿ ಸಿಚುವಾನ್‌ಗೆ ಕೆಲಸಕ್ಕೆ ಕಳಿಸಿದರು. ಎರಡು ತಿಂಗಳಲ್ಲಿ ‘ಹಾಯ್ ರುಯ್ ಪದಚ್ಯುತಿ’ ಎಂಬ ನಾಟಕದ ಮೇಲೆ ಪತ್ರಿಕೆಯಲ್ಲಿ ದಾಳಿ ಶುರುವಾಯಿತು. ದೊರೆಗೆ ನಿಜ ಹೇಳಿ ಹುದ್ದೆ ಕಳೆದುಕೊಂಡ ಮಿಂಗ್ ಕಾಲದ ಅಧಿಕಾರಿಯ ನಾಟಕ ಅದು. ಹಾಯ್ ರುಯ್ ಅಂದರೆ ಪೆಂಗ್ ಎಂದು ಮಾವೋ ಅವರೇ ಅರ್ಥ ಹೇಳಿದರು. ಸಾಂಸ್ಕೃತಿಕ ಕ್ರಾಂತಿಯ ಬೆಂಕಿ ಹೊತ್ತಿದ್ದು ಅಲ್ಲಿಂದ. 1966ರ ಡಿಸೆಂಬರ್‌ನಲ್ಲಿ ಕೆಂಪು ಕಾವಲಿನ ಹುಡುಗರು ಚೆಂಗ್ಡುವಿನಲ್ಲಿ ಪೆಂಗ್ ಅವರನ್ನು ಹಿಡಿದು ಪೀಕಿಂಗಿಗೆ ತಂದರು. ಕತ್ತಿಗೆ ಹಲಗೆ ನೇತುಹಾಕಿ ಮೆರವಣಿಗೆ ಮಾಡಿದರು, ಹೊಡೆದು ಪಕ್ಕೆಲುಬು ಮುರಿದರು. ನೂರಾರು ಸಲ ವಿಚಾರಣೆ ನಡೆಯಿತು. ತಪ್ಪೊಪ್ಪಿಕೊಳ್ಳಿ ಎಂದವರಿಗೆ, ನಾನು ಯಾವುದಕ್ಕೂ ಅಳುಕುವವನಲ್ಲ, ಬೇಕಾದರೆ ಗುಂಡು ಹಾರಿಸಿ ಎಂಬ ಧಾಟಿಯಲ್ಲೇ ಉತ್ತರಿಸಿದರು. ಕ್ಯಾನ್ಸರಿನಿಂದ 1974ರ ನವೆಂಬರ್ 29ರಂದು ಸತ್ತಾಗ ಹೆಣವನ್ನು ‘ವಾಂಗ್ ಚುವಾನ್’ ಎಂಬ ಸುಳ್ಳು ಹೆಸರಿನಲ್ಲಿ ಸುಟ್ಟರು. ದೇಶಕ್ಕೆ ಸುದ್ದಿ ಕೊಡಲಿಲ್ಲ.

ಮಾವೋ ಸತ್ತ ಎರಡು ವರ್ಷದ ಮೇಲೆ, 1978ರ ಡಿಸೆಂಬರ್ 24ರಂದು, ಪೆಂಗ್ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಡೆಂಗ್ ಶಿಯಾವೋಪಿಂಗ್ ಮಾತಾಡಿದರು. ಕಮ್ಯೂನುಗಳನ್ನು ಬಿಚ್ಚಿ ಹೊಲವನ್ನು ಮತ್ತೆ ರೈತನ ಕೈಗೆ ಕೊಡುವ ಕೆಲಸ ಶುರುವಾದದ್ದೂ ಆ ಚಳಿಗಾಲದಲ್ಲೇ. 1981ರಲ್ಲಿ ಪಕ್ಷವು ತನ್ನ ಇತಿಹಾಸದ ಬಗ್ಗೆ ನಿರ್ಣಯ ಹೊರಡಿಸಿ, ಪೆಂಗ್ ಅವರ ಮೇಲೆ 1959ರಲ್ಲಿ ಮಾಡಿದ ತೀರ್ಪು ಪೂರ್ತಿ ತಪ್ಪು ಎಂದು ಒಪ್ಪಿಕೊಂಡಿತು. ಅದೇ ವರ್ಷ ಅವರ ಆತ್ಮಕಥೆಯೂ ಬಂತು. ಅವರು ಕೂತು ಬರೆದ ಆತ್ಮಕಥೆ ಅದಲ್ಲ. ವಿಚಾರಣಾಧಿಕಾರಿಗಳು ಬರೆಸಿಕೊಂಡ ಉತ್ತರಗಳು, 1962ರ ಮನವಿ, ತಮ್ಮನ ಮಗಳು ವರ್ಷಗಟ್ಟಲೆ ಬಚ್ಚಿಟ್ಟು ಕಾಪಾಡಿದ ಹಸ್ತಪ್ರತಿ, ಇವುಗಳನ್ನು ಸೇರಿಸಿ ಹೊಲಿದ ಪುಸ್ತಕ. ಭಿಕ್ಷೆಗೆ ಹೊರಟ ಅಜ್ಜಿಯ ವಿಷಯ, ಗಣಿಯ ಕೂಲಿಯ ವಿಷಯ, ಗಾನ್ಸುವಿನ ಹೊಲದಲ್ಲಿ ಉದುರಿದ ಕಾಳಿನ ವಿಷಯ ನಮಗೆ ತಿಳಿದಿರುವುದು ಅದರಿಂದ.